ಚೊಂಗ್‌ಚಿಂಗ್‌ನಲ್ಲಿ ಚೆಲ್ಲಿದ ಚರಗ

ಮೇಲಿನ ಮನೆಯಲ್ಲಿ ಯಾರೋ ಪಾತ್ರೆಯ ಮುಚ್ಚಳವನ್ನು ಬೇಕೆಂದೇ ನೆಲಕ್ಕೆ ಬೀಳಿಸುತ್ತಿದ್ದರು. ಒಮ್ಮೆ ಬಿದ್ದರೆ ಕೈಜಾರಿತು ಎನ್ನಬಹುದು. ಇದು ಬೀಳುತ್ತಿತ್ತು, ಗಿರಗಿರನೆ ತಿರುಗಿ ಮಲಗುತ್ತಿತ್ತು, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಬೀಳುತ್ತಿತ್ತು. ನಾನು ಚೀನಾಕ್ಕೆ ಬಂದ ಮೊದಲ ಭಾನುವಾರ ಅದು. ಜಗಳ ಮಾಡಲು ನನ್ನ ಹತ್ತಿರ ಇದ್ದ ಚೀನೀ ಮಾತುಗಳು ‘ನಮಸ್ಕಾರ’, ‘ಎಷ್ಟು’, ‘ಬೇಡ’, ಇಷ್ಟೇ. ಕೊನೆಯದನ್ನು ನಂಬಿಕೊಂಡು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವರು ಐವತ್ತು ದಾಟಿದ, ಗಿಡ್ಡನೆಯ ಹೆಂಗಸು. ಕನ್ನಡಕ ತಲೆಯ ಮೇಲಿತ್ತು, ಮುಚ್ಚಳ ಕೈಯಲ್ಲಿತ್ತು. ನಾನು ಅದನ್ನು ತೋರಿಸಿ ‘ಬೇಡ, ಬೇಡ’ ಎಂದೆ. ಅವರು ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು:

“ಯಾವುದು ಹೆಚ್ಚು ಸಿಟ್ಟು ತರಿಸಿತು?”

“ಏನು?”

“ಬಹಳ ಸಲ ಬೀಳಿಸಿದೆನಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಯಾವುದು?”

ಸಿಟ್ಟಿನಲ್ಲಿದ್ದರೂ ಯೋಚಿಸಿದೆ. “ಕೊನೆಯದರ ಹಿಂದಿನದು. ಅದು ನಿಲ್ಲುತ್ತೆ ಅಂದುಕೊಂಡರೆ ನಿಲ್ಲಲೇ ಇಲ್ಲ.”

ಅವರ ಮುಖ ಅರಳಿತು. “ನನಗೂ ಅದೇ ಅನ್ನಿಸಿತ್ತು. ಒಳಗೆ ಬಾ, ಚಹಾ ಕುಡಿ.”

ಹೀಗೆ ನನಗೆ ಶೆನ್ ಲಾವ್‌ಶೀ ಪರಿಚಯವಾದರು. ಲಾವ್‌ಶೀ ಅಂದರೆ ಮೇಷ್ಟ್ರು. ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಕಲಿಸುವವರನ್ನೆಲ್ಲ ಹಾಗೇ ಕರೆಯುತ್ತಾರೆ. ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಉಳಿದ ಹೊತ್ತು ಸಂಗೀತ ಬರೆಯುತ್ತಿದ್ದರು. ಮುಚ್ಚಳ ಬೀಳಿಸಿದ್ದೂ ಅದಕ್ಕಾಗಿಯೇ. ಬಸವರಾಜ ಎಂಬ ನನ್ನ ಹೆಸರು ಅವರ ಬಾಯಲ್ಲಿ ಹೊರಳಲಿಲ್ಲ. ಮೊದಲ ಅಕ್ಷರವನ್ನಷ್ಟೇ ಇಟ್ಟುಕೊಂಡು ‘ಶ್ಯಾವ್ ಬಾ’ ಎಂದರು. ಶ್ಯಾವ್ ಅಂದರೆ ಸಣ್ಣವನು. ನಲವತ್ತರ ಹತ್ತಿರ ಬಂದವನಿಗೆ ಅದು ಹಿತವಾಗಿಯೇ ಇತ್ತು.

ನಾನು ಬಂದು ಸೇರಿದ ಈ ಊರಿನ ಬಗ್ಗೆ ಹೇಳಬೇಕು. ಯಲ್ಲಾಪುರದಿಂದ ಇಳಿಯುವ ಅರಬೈಲ್ ಘಟ್ಟವನ್ನು ಕಣ್ಣೆದುರು ತಂದುಕೊಳ್ಳಿ. ಆ ಘಟ್ಟದ ತುಂಬ ಮನೆಗಳನ್ನು ಒಂದರ ಮೇಲೊಂದು ಪೇರಿಸಿ, ಕಿಟಕಿ ಬಾಗಿಲು ಇಟ್ಟು, ಕೆಳಗೆ ಎರಡು ದೊಡ್ಡ ನದಿ ಹರಿಸಿದರೆ ಅದು ಚೊಂಗ್‌ಚಿಂಗ್. ನಮ್ಮ ಕಟ್ಟಡದ ಮುಂದಿನ ಬಾಗಿಲಿನಿಂದ ಹೊರಬಿದ್ದರೆ ರಸ್ತೆ. ಹಿಂದಿನ ಬಾಗಿಲಿಗೂ ರಸ್ತೆ ಇದೆ, ಆದರೆ ಅದಕ್ಕೆ ಎಂಟು ಮಹಡಿ ಇಳಿಯಬೇಕು. ಮೊದಲ ತಿಂಗಳೆಲ್ಲ ನಾನು ನೆಲ ಯಾವುದೆಂದು ತಿಳಿಯದೆ ಓಡಾಡಿದೆ. ನಮ್ಮೂರಾದ ಬನವಾಸಿಯ ಬಯಲಿನಲ್ಲಿ ಗದ್ದೆಯ ಬದುವಿನ ಮೇಲೆ ನಿಂತರೆ ಊರಿನ ಆಚೆ ಬರುವ ಬಸ್ಸು ಕಾಣುತ್ತಿತ್ತು. ಇಲ್ಲಿ ಮಂಜು ಮುಸುಕಿದರೆ ಎದುರಿನ ಮನೆಯ ಒಣಹಾಕಿದ ಬಟ್ಟೆಯೂ ಕಾಣುವುದಿಲ್ಲ.

ನನ್ನ ಕೆಲಸ ಸಭಾಂಗಣಗಳಲ್ಲಿ ಪ್ರತಿಧ್ವನಿ ಅಳೆಯುವುದು. ಖಾಲಿ ಸಭಾಂಗಣದ ನಡುವೆ ನಿಂತು ಬಲೂನು ಒಡೆದು, ಆ ಸದ್ದು ಎಷ್ಟು ಹೊತ್ತು ಉಳಿಯುತ್ತದೆಂದು ಯಂತ್ರದಲ್ಲಿ ನೋಡುತ್ತೇವೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಪುಣೆ ಹೈದರಾಬಾದುಗಳಲ್ಲಿ ನಿಲ್ಲದೆ, ಕೊನೆಗೆ ಇಲ್ಲಿಗೆ ಬಂದೆ. “ಅಷ್ಟ ಓದಿ ಪುಗ್ಗಾ ಒಡಿಯಾಕ ಚೀನಾಕ್ಕ ಹೋದ್ನಲ್ಲೋ ಮಾರಾಯ” ಎಂದು ಇಸಳೂರಿನ ಭಾವ ಇವತ್ತಿಗೂ ನಗುತ್ತಾನೆ. ಅಳತೆಗೆ ಸಿಗದ್ದನ್ನು ನಾನು ಸುಲಭವಾಗಿ ನಂಬುವುದಿಲ್ಲ. ನನ್ನ ನೆನಪನ್ನಂತೂ ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ. ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟುವಂಥದ್ದು ಎಂದು ಯಾರಿಗಾದರೂ ಪಾಠ ಹೇಳಬಲ್ಲೆ. ಹೇಳಿದ್ದೇನೆ ಕೂಡ.

ಒಂಟಿತನ ಎಂದರೆ ಯಾರೂ ಇಲ್ಲದಿರುವುದು ಅಂದುಕೊಂಡಿದ್ದೆ. ಇಲ್ಲಿ ಜನಕ್ಕೆ ಕೊರತೆಯಿಲ್ಲ. ಸಂಜೆಯಾದರೆ ಕಟ್ಟಡದ ಮುಂದಿನ ಬಯಲಲ್ಲಿ ಹೆಂಗಸರು ಸಾಲಾಗಿ ನಿಂತು ಹಾಡು ಹಾಕಿಕೊಂಡು ಕುಣಿಯುತ್ತಾರೆ, ಮುದುಕರು ಇಸ್ಪೀಟು ಆಡುತ್ತ ಜಗಳವಾಡುತ್ತಾರೆ. ಆದರೆ ದಿನವೆಲ್ಲ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ನಾನೂ ಯಾರಿಗೂ ‘ಓ’ ಎನ್ನುವುದಿಲ್ಲ. ಗೀಸರಿನ ಜೊತೆ ಕನ್ನಡದಲ್ಲಿ ಮಾತಾಡುವುದು ರೂಢಿಯಾಯಿತು. “ಕಾಯ್ತಿಯೋ ಇಲ್ಲೋ?” ಎಂದು ಬೆಳಿಗ್ಗೆ ಗದರಿಸುತ್ತಿದ್ದೆ. ಅದು ಕೆಂಪು ದೀಪ ಆರಿಸಿ ಉತ್ತರ ಕೊಡುತ್ತಿತ್ತು.

ಊಟದ್ದು ಬೇರೆ ಪಾಡು. ಮಾಂಸ ತಿನ್ನದವನು ಇಲ್ಲಿ ಮೊದಲು ಕಲಿಯಬೇಕಾದ ಶಬ್ದ ‘ಸು’, ಅಂದರೆ ಮಾಂಸವಿಲ್ಲದ್ದು. ಅದನ್ನು ಹೇಳುವ ರಾಗ ತಪ್ಪಿದರೆ ಅಂಗಡಿಯವರು ಮುಖ ನೋಡುತ್ತಾರೆ. ಎರಡು ವಾರ ಅನ್ನ, ಸೌತೆಕಾಯಿಯಲ್ಲೇ ಕಳೆದೆ. ಒಂದು ದಿನ ಹುರಿದ ಆಲೂಗಡ್ಡೆಯ ಬಟ್ಟಲಿನಲ್ಲಿ ಕಪ್ಪು ಕಾಳೊಂದು ಹಲ್ಲಿಗೆ ಸಿಕ್ಕಿ, ನಾಲಗೆಯ ತುದಿ ಜುಮ್ಮೆಂದು ಮರಗಟ್ಟಿತು. ಚಮಚ ಕೆಳಗಿಟ್ಟೆ. ಅದು ಜುಮ್ಮನಕಾಯಿ! ಶಿರಸಿಯ ಸಂತೆಯಲ್ಲಿ ಘಟ್ಟದ ಕೆಳಗಿನವರು ಮೀನಿನ ಸಾರಿಗೆಂದು ಕೊಳ್ಳುತ್ತಿದ್ದ, ನಮ್ಮ ಮನೆಯಲ್ಲಿ ಮಜ್ಜಿಗೆಗೆ ಹಾಕುತ್ತಿದ್ದ ಅದೇ ಕಾಯಿ, ಅಥವಾ ಅದರ ದಾಯಾದಿ. ಇಲ್ಲಿ ಅದರ ಹೆಸರು ಹ್ವಾಜ್ಯಾವ್. ಹಾಗೆ ಅನ್ನಿಸಿದ್ದು ಮೊದಲ ತುತ್ತಿಗೆ. ಎರಡನೆಯ ತುತ್ತಿಗೇ ಅನುಮಾನ ಬಂತು: ಜುಮ್ಮನಕಾಯಿಯ ರುಚಿ ನಿಜಕ್ಕೂ ನೆನಪಿದೆಯೇ, ಅಥವಾ ಇದನ್ನು ತಿಂದ ಮೇಲೆ ಅದು ಹೀಗಿತ್ತು ಅನ್ನಿಸುತ್ತಿದೆಯೇ?

ಶೆನ್ ಲಾವ್‌ಶೀ ಸಂಗೀತ ಬರೆಯುವ ಬಗೆ ನನಗೆ ಹಿಡಿಸಿದ್ದು ನೆನಪಿನ ಬಗೆಗಿನ ಇದೇ ಅನುಮಾನದಿಂದ ಇರಬೇಕು. ಚೀನೀಯರ ಹಳೆಯ ವಾದ್ಯವೊಂದಿದೆ, ಚಿನ್ ಎಂದು. ಏಳು ತಂತಿ, ಮಡಿಲಿನಷ್ಟೆತ್ತರದ ಮೇಜಿನ ಮೇಲೆ ಇಟ್ಟುಕೊಂಡು ನುಡಿಸುತ್ತಾರೆ. ಅದರ ಹಳೆಯ ಬರಹದಲ್ಲಿ ಯಾವ ತಂತಿ, ಯಾವ ಬೆರಳು, ಎಲ್ಲಿ ಒತ್ತಬೇಕು ಎಂದೆಲ್ಲ ಇರುತ್ತದೆ. ಎಷ್ಟು ಹೊತ್ತು ಎಂದು ಇರುವುದಿಲ್ಲ. ನುಡಿಸುವವರು ತಾವೇ ತಿಂಗಳುಗಟ್ಟಲೆ ಕೂತು ಕಾಲವನ್ನು ಕಂಡುಕೊಳ್ಳಬೇಕು. ಶೆನ್ ಲಾವ್‌ಶೀ ಹಾಡುವವರಿಗೂ ಹಾಗೆಯೇ ಬರೆಯುತ್ತಾರೆ. ಭಾರ ಯಾವ ಕಾಲಿನ ಮೇಲೆ, ಮುಖ ಎತ್ತ ಕಡೆ, ಉಸಿರು ಎಲ್ಲಿ ತಡೆಯಬೇಕು, ಕೈಯಲ್ಲಿ ಏನು ಹಿಡಿದಿರಬೇಕು. ಧ್ವನಿಮುದ್ರಣ ಕೇಳಿ ಬರೆಯುವುದಿಲ್ಲ. ಜನರ ಹತ್ತಿರ ಹೋಗಿ, ನೆನಪಿದ್ದದ್ದನ್ನು ಮಾಡಿ ತೋರಿಸಿ ಎನ್ನುತ್ತಾರೆ.

“ಸ್ವರ ಬೇಡವೇ?” ಎಂದು ಕೇಳಿದ್ದೆ.

“ಮೈ ಸರಿಯಾಗಿ ನಿಂತರೆ ಸ್ವರ ಬರುತ್ತದೆ. ಬಾರದಿದ್ದರೆ ಹಾಡುವವರಿಗೆ ಬೈಯುತ್ತೇನೆ” ಎಂದು ನಕ್ಕರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೊಸದೊಂದನ್ನು ಶುರುಮಾಡಿದರು. ಒಬ್ಬರು ಕರೆದರೆ ಇನ್ನೊಬ್ಬರು ಓಗೊಡಲೇಬೇಕಾದ ಕೂಗುಗಳನ್ನು ಕೂಡಿಸುತ್ತಿದ್ದರು. ನದಿಯ ಮೇಲೆ ದೋಣಿ ಎಳೆಯುವವರದ್ದು, ಬಿದಿರಿನ ದಂಡಿಗೆ ಹೊತ್ತು ಮೆಟ್ಟಿಲೇರುವ ಕೂಲಿಗಳದ್ದು. “ನಿಮ್ಮ ಊರಲ್ಲಿ?” ಎಂದು ಕೇಳಿದರು.

ಸೀಗೆ ಹುಣ್ಣಿಮೆಯ ಚರಗ ಹೇಳಿದೆ. ನಿಮಗೆ ಗೊತ್ತಿರುವುದೇ. ಹೊಡೆ ತುಂಬಿದ ಪೈರಿಗೆ ಬಸುರಿಯ ಬಯಕೆ ತೀರಿಸಿದಂತೆ, ಕಡಬು, ಸೊಪ್ಪಿನ ಪಲ್ಯ, ಮೊಸರನ್ನ ಕಲಸಿ ಗದ್ದೆಗೆ ಬೀರುವುದು. ಕೂಗುವ ಮಾತುಗಳು ಊರಿಂದೂರಿಗೆ ಬೇರೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯ ಪದ್ಧತಿ ಹೀಗೆ: ಮುಂದೆ ಹೋಗುವವರು ಬುಟ್ಟಿ ಹಿಡಿದು, ಬೀರುತ್ತ ಕೂಗುತ್ತಾರೆ. ಹಿಂದಿನವರು ತಂಬಿಗೆಯ ನೀರನ್ನು ಮಾವಿನ ಚಿಗುರಿನಿಂದ ಚಿಮುಕಿಸುತ್ತ ಓಗೊಡುತ್ತಾರೆ. ಬುಟ್ಟಿ ಬರಿದಾಗುವವರೆಗೆ ಮುಂದಿನವರು ಹಿಂದಿರುಗಿ ನೋಡುವಂತಿಲ್ಲ.

“ನೀನು?”

“ಮುಂದೆ. ಚಿಕ್ಕವನಿದ್ದಾಗ. ಹಿಂದೆ ಅವ್ವ.”

ಅವ್ವ ತೀರಿಹೋದಾಗ ನಾನು ಹೈದರಾಬಾದಿನಲ್ಲಿದ್ದೆ. ಆಕೆಗೆ ಫೋನೆಂದರೆ ಆಗುತ್ತಿರಲಿಲ್ಲ, ಕೈಗೆ ಕೊಟ್ಟರೆ “ನೀನ ಮಾತಾಡವಾ” ಎಂದು ಅಕ್ಕನಿಗೆ ದಾಟಿಸುತ್ತಿದ್ದಳು. ಹೀಗಾಗಿ ಅವ್ವನ ದನಿ ಯಾವ ಯಂತ್ರದಲ್ಲೂ ಉಳಿದಿಲ್ಲ. ಆಡಿದ ಮಾತುಗಳು ನೆನಪಿವೆ. ಆದರೆ ಅವು ನನ್ನ ದನಿಯಲ್ಲೇ ಕೇಳಿಸುತ್ತವೆ. ಬೆನ್ನ ಹಿಂದಿನಿಂದ ಬಂದ ಆ ಒಂದು ಓಗೊಡುವಿಕೆ ಮಾತ್ರ ಅವಳದೇ ದನಿಯಲ್ಲಿ ಉಳಿದಿತ್ತು. ಇದನ್ನೂ ಹೇಳಿದೆ.

ಶೆನ್ ಲಾವ್‌ಶೀ ಚಹಾದ ಲೋಟ ಕೆಳಗಿಟ್ಟರು. “ಹಾಗಾದರೆ ಮೊದಲೇ ಹೇಳುತ್ತೇನೆ. ನಾನು ಬರೆದು, ಬೇರೆ ಯಾರೋ ಹಾಡಿದ ಮೇಲೆ ನಿನಗೆ ನೆನಪಾಗುವುದು ಅವರ ದನಿ. ನನ್ನ ಅಜ್ಜಿಯ ಲಾಲಿ ಹೀಗೇ ಹೋಯಿತು. ಬಹಳ ಚೆನ್ನಾಗಿ ಬರೆದಿದ್ದೆ. ಈಗ ಅಜ್ಜಿಯ ಬದಲು ಆ ಹಾಡುಗಾರ್ತಿ ಬರುತ್ತಾಳೆ, ಸರಿಗೆಯ ಬಟ್ಟೆ ಹಾಕಿಕೊಂಡು. ಕೊಡಲೇಬೇಕೆಂದಿಲ್ಲ.”

“ನೆನಪು ಹೇಗೂ ನಂಬುವಂಥದ್ದಲ್ಲ” ಎಂದೆ. ಪಾಠ ಹೇಳಿ ಅಭ್ಯಾಸವಾಗಿತ್ತಲ್ಲ.

ಅವರ ಕೋಣೆಯಲ್ಲೇ ಮಾಡಿ ತೋರಿಸಬೇಕಾಯಿತು. ನಾನು ಅನ್ನದ ಬಟ್ಟಲು ಹಿಡಿದು ಅಡುಗೆಮನೆಯಿಂದ ಕಿಟಕಿಯವರೆಗೆ ನಡೆದೆ. ಅವರು ಚಹಾದ ಕೆಟಲ್ ಹಿಡಿದು ಹಿಂದೆ ಬಂದರು. ಮೊದಲು ನಗು ಬಂತು. ಆಮೇಲೆ ಅವರು ಒಂದೊಂದೇ ಕೇಳತೊಡಗಿದರು: ನೀರು ಯಾವ ಕೈಯಲ್ಲಿ? ಚಿಗುರು ಎಷ್ಟು ಎತ್ತುತ್ತಿದ್ದಳು?

“ಎಡಗೈಯಲ್ಲಿ ತಂಬಿಗೆ, ಸೊಂಟಕ್ಕೆ ಒತ್ತಿಕೊಂಡು. ಬಲಗೈ ಹೆಗಲಿನ ಮೇಲಕ್ಕೆ ಹೋಗುತ್ತಿರಲಿಲ್ಲ. ಹಸಿರು ಬಳೆ ಮೊಣಕೈಯತ್ತ ಜಾರುತ್ತಿದ್ದವು. ಓ ಎನ್ನುವ ಮೊದಲು ಗದ್ದೆಯ ಕಡೆ ನೋಡುತ್ತಿದ್ದಳು, ನನ್ನ ಕಡೆ ಅಲ್ಲ…”

“ಶ್ಯಾವ್ ಬಾ” ಎಂದರು ಅವರು. “ನೀನು ಹಿಂದಿರುಗಿ ನೋಡುವಂತಿರಲಿಲ್ಲವಲ್ಲ?”

ಕಿಟಕಿಯ ಹತ್ತಿರ ಬಟ್ಟಲು ಹಿಡಿದು ನಿಂತುಬಿಟ್ಟೆ. ಮುಂದೆ ಹೋದವನು ನಾನಾದರೆ ಅವಳ ಕೈಯನ್ನು ಕಂಡಿರುವುದು ಸಾಧ್ಯವಿಲ್ಲ. ಕಂಡಿದ್ದು ನಿಜವಾದರೆ ನಾನು ಮುಂದೆ ಇರಲಿಲ್ಲ. ಆಗ ಬೆನ್ನಿಗೆ ಬಂದ ದನಿ ಎಲ್ಲಿಯದು? ಕಣ್ಣು ಕಿವಿ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ವರ್ಷಗಟ್ಟಲೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೆ, ಒಮ್ಮೆಯೂ ತಾಳೆ ನೋಡಿರಲಿಲ್ಲ.

ಮನೆಗಿಳಿದು ಅಕ್ಕನಿಗೆ ವೀಡಿಯೋ ಕರೆ ಮಾಡಿದೆ. ಇಸಳೂರಿನ ಹೊಸ ಮನೆಯ ಅಡುಗೆಮನೆ ಕಾಣಿಸಿತು, ಬಣ್ಣ ಇನ್ನೂ ಹೊಸತು. ಅಕ್ಕ ಫೋನನ್ನು ಡಬ್ಬಕ್ಕೆ ಒರಗಿಸಿ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕ, ಚರಗ ಚೆಲ್ಲಾಕ ಮುಂದ ಯಾರು ಹೋಗ್ತಿದ್ರು?”

“ಅಲ್ಲಿ ಕುಂತು ಇದನ್ನ ವಿಚಾರ ಮಾಡಾಕತ್ತೀಯೇನು? ಅವ್ವ ಹೋಗ್ತಿದ್ಲು.”

“ಮತ್ತ ಹಿಂದ?”

“ನಾ. ನೀರಿನ ತಂಬಗಿ ಹಿಡ್ಕೊಂಡು.”

“ನಾನು? ನಾ ಮುಂದ, ಅವ್ವ ಹಿಂದ ಅಲ್ಲೇನು?”

“ನೀ ಬದುವಿನ ಮ್ಯಾಲ ಕುಂತು ಕಡಬು ತಿಂತಿದ್ದಿ. ಬೀರಾಕ ಇಟ್ಟಿದ್ದ ಕಡಬು!”

ಹಿಂದಿನಿಂದ ಭಾವನ ನಗು ಕೇಳಿಸಿತು. “ಈಗೂ ಅದನ್ನ ಮಾಡಾಕತ್ತಾನ ತಗೋ.”

“ಹಂಗಾದ್ರ ಹಸರ ಬಳಿ ಹಾಕ್ಕೊಂಡು ಓ ಅನ್ನಾಕಿ ನೀನೇನು?” ಎಂದೆ.

“ಮತ್ತ್ಯಾರು? ಹಸರ ಬಳಿ ಜಾತ್ರ್ಯಾಗ ಕೊಡಿಸಿದ್ಲು ಅವ್ವ. ನೀ ಒಂದ ವರ್ಷ ಮುಂದ ಹೋಗಿರಬೇಕ ನೋಡು, ಅಪ್ಪಗ ಜ್ವರ ಬಂದಿತ್ತು… ಇಲ್ಲ, ಅದು ಎಳ್ಳ ಅಮಾಸಿ. ಏ, ನಂಗೂ ನೆನಪಿಲ್ಲೋ.”

“ಒಮ್ಮೆ ಅಂದು ತೋರ್ಸು. ಹ್ಯಾಂಗ ಅಂತಿದ್ದಿ ಕೇಳ್ತೀನಿ.”

ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. “ಹುಚ್ಚ. ಗ್ಯಾಸಿನ ಮುಂದ ನಿಂತು ಅನ್ನೂದೇನು ಅದನ್ನ? ಪೈರ ಇಲ್ದ ಯಾರಿಗೆ ಓ ಅನ್ಲಿ? ಮಗ್ಗಲ ಮನ್ಯಾರು ಏನಂದಾರು? ಹುಣ್ಣಿಮಿಗೆ ಬಾ, ಗದ್ದ್ಯಾಗ ಅಂತೀನಿ.”

ಕರೆ ಮುಗಿದ ಮೇಲೆ ಲೆಕ್ಕ ಹಾಕಿದೆ. ನನ್ನ ಹತ್ತಿರ ಉಳಿದಿರುವ ದನಿ ಅಕ್ಕನದೇ ಆಗಿದ್ದರೆ ಅವ್ವನ ದನಿ ನನ್ನಲ್ಲಿ ಇಲ್ಲವೇ ಇಲ್ಲ. ಅವ್ವನದೇ ಆಗಿದ್ದರೆ, ಶೆನ್ ಲಾವ್‌ಶೀಗೆ ಕೊಟ್ಟ ಮೇಲೆ ಅದು ಉಳಿಯುವುದಿಲ್ಲ. ನೆನಪನ್ನು ನಂಬಬಾರದೆಂದು ಹೇಳುವುದು ಸುಲಭ. ಬಿಟ್ಟುಕೊಡು ಎಂದಾಗ ಮುಷ್ಟಿ ತಾನಾಗಿ ಬಿಗಿಯಿತು.

ಮರುದಿನ ಮೇಲೆ ಹೋಗಿ “ಇದನ್ನು ಬರೆಯಬೇಡಿ” ಎಂದೆ. ಅಕ್ಕ ಹೇಳಿದ್ದನ್ನೂ ಹೇಳಿದೆ.

“ಆಗಲಿ” ಎಂದರು. ಒತ್ತಾಯ ಮಾಡಲಿಲ್ಲ. ಹಾಳೆಯನ್ನು ನನ್ನ ಕಡೆ ಸರಿಸಿದರು. ಅದರಲ್ಲಿ ಎರಡು ಹೆಜ್ಜೆಸಾಲು ಬರೆದಿದ್ದರು, ಒಂದರ ಹಿಂದೆ ಒಂದು. ಮುಂದಿನದರ ಹತ್ತಿರ ಬುಟ್ಟಿ, ಉಸಿರು, ಎಡಗಾಲು ಎಂದೆಲ್ಲ ಗುರುತು. ಹಿಂದಿನದರ ಹತ್ತಿರ ಏನೂ ಇರಲಿಲ್ಲ. “ಹಿಂದೆ ಯಾರು ಎಂದು ನಿಮ್ಮ ಮನೆಯಲ್ಲೇ ಗೊತ್ತಿಲ್ಲ. ಹಾಗಾಗಿ ನಾನೂ ತೀರ್ಮಾನಿಸುವುದಿಲ್ಲ. ಪ್ರತಿ ಸಲ ಬೇರೆ ಯಾರಾದರೂ ನಿಲ್ಲಲಿ. ಮುಂದಿನವನಿಗೆ ಹೇಳುವುದು ಬೇಡ. ಇಷ್ಟು ಹೊಳೆದಿತ್ತು. ಬೇಡವಾದರೆ ಹರಿದುಬಿಡು.”

ಹರಿಯಲಿಲ್ಲ. ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡೆ. ಅಷ್ಟರಲ್ಲಿ ಒಂದು ಸಣ್ಣ ಗೆಲುವೂ ಆಯಿತು. ತರಕಾರಿಯವಳ ಹತ್ತಿರ ಶುಂಠಿಯನ್ನು ಮುರಿದು ಮೂಸಿ, ಎಳೆಯದನ್ನು ಬದಿಗಿಟ್ಟೆ. ಬನವಾಸಿ ಸುತ್ತ ಶುಂಠಿ ಬೆಳೆಯುವವರ ನಡುವೆ ಬೆಳೆದವನಿಗೆ ಅಷ್ಟು ತಿಳಿಯುತ್ತದೆ. ಅವಳು ಏನೋ ಹೇಳಿ ನಕ್ಕು, ಒಂದು ಹಿಡಿ ಈರುಳ್ಳಿ ಸೊಪ್ಪು ಪುಕ್ಕಟೆ ಹಾಕಿದಳು. ಆ ಸಂತೋಷವನ್ನು ಹೇಳಿಕೊಳ್ಳಲು ಮನೆಯಲ್ಲಿ ಗೀಸರ್ ಒಂದೇ ಇತ್ತು. ಅವತ್ತು ಸಂಜೆಯೇ ಶೆನ್ ಲಾವ್‌ಶೀಗೆ ಒಪ್ಪಿಗೆ ಕೊಟ್ಟೆ. ಕಲೆಗಾಗಿ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಬೆನ್ನ ಹಿಂದೆ ಯಾರಾದರೂ ಒಮ್ಮೆ ಓ ಎನ್ನುವುದು ನನಗೆ ಬೇಕಾಗಿತ್ತು.

ತಾಲೀಮು ನಡೆದದ್ದು ನಾನೇ ಬಲೂನು ಒಡೆದು ಅಳೆದಿದ್ದ ಸಭಾಂಗಣದಲ್ಲಿ. ಮುಂದೆ ಹೋಗಬೇಕಾದ ಹಾಡುಗಾರನಿಗೆ ನಡಿಗೆ ತೋರಿಸಲು ನನ್ನನ್ನೇ ಕಳಿಸಿದರು. ಹಿಂದೆ ಯಾರಿದ್ದಾರೆಂದು ಹೇಳಲಿಲ್ಲ. ಇಲ್ಲಿಯ ಹಳೆಯ ನಾಟಕಗಳಲ್ಲಿ, ನಮ್ಮ ಹಿಮ್ಮೇಳದ ಹಾಗೆ, ಮರೆಯಲ್ಲಿ ನಿಂತು ಪಾತ್ರಕ್ಕೆ ದನಿಗೂಡಿಸುವ ಹೆಂಗಸರಿರುತ್ತಾರೆ. ಅಂಥವರಲ್ಲಿ ಒಬ್ಬರು, ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಬುಟ್ಟಿಯಲ್ಲಿ ಅನ್ನ ಇತ್ತು. ಎಡಗಾಲು ಮುಂದಿಟ್ಟು ಕೂಗಿದೆ. ನನ್ನ ದನಿ ಹೋಗಿ ಎದುರಿನ ಗೋಡೆ ಮುಟ್ಟಿ ಕರಗಿತು. ಅದಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಅದು ಪೂರ್ತಿ ಕರಗಿದ ಮೇಲೆ ಹಿಂದಿನಿಂದ ಉತ್ತರ ಬಂತು. ಒಡಕು ದನಿ, ವಯಸ್ಸಾದದ್ದು, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆದದ್ದು. ನೀರಿನ ಹನಿ ಹಿಮ್ಮಡಿಗೆ ಬಿತ್ತು. ಮತ್ತೆ ಕೂಗಿದೆ, ಮತ್ತೆ ಬಂತು. ಆ ನಗರದಲ್ಲಿ ಅಷ್ಟು ಸುಖವಾಗಿ ನಾನು ಯಾವತ್ತೂ ನಡೆದಿರಲಿಲ್ಲ.

ಹುಣ್ಣಿಮೆಗೆ ರಜೆ ಹಾಕಿ ಊರಿಗೆ ಬಂದೆ. ಕಚೇರಿಗೆ ಏನೋ ಕಾರಣ ಹೇಳಿದೆ. ನಿಜವಾದ ಕಾರಣ, ಅಕ್ಕನ ದನಿಯನ್ನು ನನ್ನ ನೆನಪಿನ ದನಿಯ ಪಕ್ಕಕ್ಕಿಟ್ಟು ಕೇಳಬೇಕಾಗಿತ್ತು. ಹೊಂದಿದರೆ ಅದು ಅಕ್ಕನದು. ಹೊಂದದಿದ್ದರೆ ಅವ್ವನದು.

ಅಕ್ಕ ಭಾವ ಬೆಳಿಗ್ಗೆ ಇಸಳೂರಿನಿಂದ ಬೈಕಿನಲ್ಲಿ ಬುಟ್ಟಿ ಕಟ್ಟಿಕೊಂಡು ಬಂದರು. ನಮ್ಮ ಗದ್ದೆಯ ಒಂದು ಭಾಗ ಶುಂಠಿಗೆ ಹೋಗಿದೆ, ಉಳಿದದ್ದರಲ್ಲಿ ಭತ್ತ ಹೊಡೆ ತುಂಬಿ ನಿಂತಿತ್ತು. ಪೂಜೆ ಮುಗಿಸಿ ಅಕ್ಕ ತಂಬಿಗೆ ಎತ್ತಿಕೊಂಡಳು. “ನಡಿ ಮುಂದ. ಕಡಬು ಬಾಯಾಗ ಹಾಕ್ಕೋಬ್ಯಾಡ ಮತ್ತ.”

ಬೀರುತ್ತ ಕೂಗಿದೆ. ಗೋಡೆಯಿಲ್ಲದ ಜಾಗದಲ್ಲಿ ದನಿ ಹೋಗಿ ಹೋಗಿಯೇ ಬಿಟ್ಟಿತು. ಅಕ್ಕ ಓಗೊಟ್ಟಳು. ನಾನು ನೆನಪಿನಲ್ಲಿದ್ದದ್ದನ್ನು ತೆಗೆದೆ. ಬಂದದ್ದು ಸಭಾಂಗಣದ ಆ ಮುದುಕಿಯ ದನಿ. ಒಡಕು, ಕೊನೆಯಲ್ಲಿ ಮೇಲಕ್ಕೆ ಎಳೆದದ್ದು, ಅದರ ಸುತ್ತ ಮರದ ಗೋಡೆಗಳ ಗುಂಯ್‌ಗುಡುವಿಕೆ ಸಮೇತ. ಅದರ ಹಿಂದೆ ಇನ್ನೊಂದು ಇತ್ತೇ ಎಂದು ಹುಡುಕಿದೆ. ಇರಲಿಲ್ಲ. ಪಕ್ಕಕ್ಕಿಟ್ಟು ನೋಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ನಮ್ಮದೇ ಗದ್ದೆಯಲ್ಲಿ, ಅಕ್ಕ ಹಿಂದೆಯೇ ಇರುವಾಗ, ಚೊಂಗ್‌ಚಿಂಗ್‌ನ ಹೆಸರು ತಿಳಿಯದ ಹೆಂಗಸೊಬ್ಬಳು ಓ ಎನ್ನಲೆಂದು ಕಿವಿ ಕಾಯುತ್ತಿತ್ತು. ಅಲ್ಲಿ ಅವಳು ಓ ಎಂದಾಗ ನನಗೆ ಬೇಕಾಗಿದ್ದದ್ದು ಇದೇ ಗದ್ದೆ.

“ಬಂತೇನೋ ಅವ್ವನಂಗ?” ಅಕ್ಕ ಹಿಂದಿನಿಂದ ಕೇಳಿದಳು. ದನಿಯಲ್ಲಿ ಅಂಜಿಕೆ ಇತ್ತು, ಪರೀಕ್ಷೆಗೆ ಕೂತವಳ ಹಾಗೆ.

“ಬಂತು” ಎಂದೆ.

ಅವಳು ಚಿಗುರನ್ನು ತಂಬಿಗೆಗೆ ಅದ್ದಿ ನೀರು ಚಿಮುಕಿಸಿದಳು. ಆಮೇಲೆ, “ಹಂಗಾದ್ರ ನೀ ಹೇಳಿದ್ದ ಖರೆ ಇರಬೇಕು ತಗೋ. ಮುಂದ ನೀನ ಹೋಗಿರ್ತಿ. ಹಿಂದ ಅವ್ವ ಇದ್ಲು” ಎಂದಳು. ತನ್ನ ನೆನಪನ್ನು ಹಾಗೆ ನನಗಾಗಿ ಬಿಟ್ಟುಕೊಟ್ಟಳು. ಉಳಿದ ಗದ್ದೆಯುದ್ದಕ್ಕೂ ನಾನು ಕೂಗಿದೆ, ಅವಳು ಓಗೊಟ್ಟಳು, ಮೊದಲಿಗಿಂತ ಗಟ್ಟಿಯಾಗಿ.

ಶುಂಠಿಯ ಮಡಿಗಳು ಶುರುವಾಗುವಲ್ಲಿ ಬುಟ್ಟಿ ಬರಿದಾಯಿತು. ಇನ್ನು ತಿರುಗಬಹುದಿತ್ತು. ಬುಟ್ಟಿಯ ತಳಕ್ಕೆ ಅಂಟಿದ್ದ ಅಗುಳುಗಳನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಬೀರುತ್ತ ನಿಂತೆ.

“ಮುಗೀತಲ್ಲೋ, ಬಿಸಿಲ ಏರಾಕತ್ತೈತಿ” ಎಂದಿತು ಹಿಂದಿನ ದನಿ.

ತಿರುಗಿದೆ. ಅಕ್ಕ ಒಬ್ಬಳೇ ಇದ್ದಳು.